ಮಡಗಾಂವಿನಲ್ಲಿ ಐದು ಗಂಟೆ

ಗೋವಾದ ಮಡಗಾಂವಿಗೆ ಬಂದು ನಿಲ್ಲುವ ಮುಂಬೈ–ಮಡಗಾಂವ್ ವಂದೇ ಭಾರತ್, ಮಂಗಳೂರು–ಮಡಗಾಂವ್ ವಂದೇ ಭಾರತ್ ಎರಡನ್ನೂ ಸೇರಿಸಿ ಒಂದೇ ರೈಲು ಮಾಡ್ತಾರಂತೆ ಅನ್ನೋ ಸುದ್ದಿ ಮತ್ತೆ ಎದ್ದಿದೆ. ಮುಂಬೈ ಸುತ್ತಲಿನ ಡೊಂಬಿವಲಿ, ಘಾಟ್‌ಕೋಪರ್ ಕಡೆಯ ನಮ್ಮ ಕರಾವಳಿ ಜನ ಇದನ್ನು ಪ್ರತಿ ಸಲವೂ ಹೊಸ ಸುದ್ದಿ ಅಂತಲೇ ವಾಟ್ಸಾಪಿನಲ್ಲಿ ದಾಟಿಸುತ್ತಾರೆ. ಪಾಪ, ಒಳ್ಳೆಯ ಮನಸ್ಸು.

ನನ್ನನ್ನು ಕೇಳಿದರೆ ಸೇರಿಸುವುದೇ ಬೇಡ. ಈಗಿರುವ ಏರ್ಪಾಟು ಎಷ್ಟು ಚೆನ್ನಾಗಿದೆ ನೋಡಿ. ಎರಡೂ ರೈಲು 2023ರಲ್ಲೇ ಬಂದವು, ಒಂದು ಜೂನ್‌ನಲ್ಲಿ, ಇನ್ನೊಂದು ಡಿಸೆಂಬರ್‌ನಲ್ಲಿ. ಮಳೆಗಾಲ ಬಿಟ್ಟು ಉಳಿದ ದಿನಗಳಲ್ಲಿ ಬೆಳಗ್ಗೆ 5:25ಕ್ಕೆ ಮುಂಬೈನ ಸಿಎಸ್‌ಎಂಟಿ ನಿಲ್ದಾಣದಲ್ಲಿ ಹತ್ತಿದರೆ ಮಧ್ಯಾಹ್ನ ಒಂದರ ಸುಮಾರಿಗೆ ಮಡಗಾಂವ್. ಅಲ್ಲಿಂದ ಮಂಗಳೂರಿನ ರೈಲು ಹೊರಡುವುದು ಸಂಜೆ ಆರು ದಾಟಿದ ಮೇಲೆ. ಮಧ್ಯೆ ಸಿಗುವ ಐದು ಗಂಟೆ ಪೂರ್ತಿ ಫ್ರೀ!

ಐದು ಗಂಟೆಯಲ್ಲಿ ಏನೆಲ್ಲ ಆಗುತ್ತೆ. ಮೀನೂಟ ಆಗುತ್ತೆ. ಊಟದ ಮೇಲೊಂದು ನಿದ್ದೆ ಆಗುತ್ತೆ. ಕೋಲ್ವಾ ಬೀಚಿಗೆ ಹೋಗಿ ಕಾಲು ನೆನೆಸಿಕೊಂಡೂ ಬರಬಹುದು. ಜೊತೆಗೆ ಮೂರು ಸೂಟ್‌ಕೇಸು, ಮಂಡಿನೋವಿನ ಅತ್ತೆ, ತಂಗಿ ಮನೆಗೆ ಅಂತ ಒಯ್ಯುತ್ತಿರುವ ಮಿಕ್ಸಿ ಇದ್ದರೆ ಏನಾಯ್ತು? ಅತ್ತೆಯವರೂ ಗೋವಾ ನೋಡಲಿ. ಮಿಕ್ಸಿಯೂ ನೋಡಲಿ. ಮಂಗಳೂರು ಮುಟ್ಟುವಾಗ ರಾತ್ರಿ ಹನ್ನೊಂದರ ಹತ್ತಿರ. ನಿಮ್ಮೂರು ಪುತ್ತೂರೋ ಬೆಳ್ತಂಗಡಿಯೋ ಆದರೆ ಮುಂದಿನದು ನಿಮ್ಮ ಹಣೆಬರಹ.

ಆ ಕಡೆಯಿಂದ ಬನ್ನಿ, ತೊಂದರೆಯೇ ಇಲ್ಲ. ಬೆಳಗ್ಗೆ ಮಂಗಳೂರು ಬಿಟ್ಟು ಮಡಗಾಂವಿನಲ್ಲಿ ಒಂದೂವರೆ ಗಂಟೆ ಕಾದರೆ ಮುಂಬೈ ರೈಲು ರೆಡಿ. ಊರು ಬಿಟ್ಟು ಬರುವವನಿಗೆ ದಾರಿ ಸಲೀಸು, ಊರಿಗೆ ಹೋಗುವವನಿಗೆ ಸತಾಯಿಸುವಿಕೆ. ಮುಂಬೈಗೆ ಬಂದ ನಮ್ಮವರ ಕಥೆಯನ್ನು ಇಷ್ಟು ಸರಿಯಾಗಿ ಯಾವ ಕತೆಗಾರನೂ ಬರೆದಿಲ್ಲ. ವೇಳಾಪಟ್ಟಿ ಬರೆದವರಿಗೆ ಒಂದು ಪ್ರಶಸ್ತಿ ಕೊಡಬೇಕು.

ಮುಂಬೈನಿಂದ ನೇರ ಮಂಗಳೂರಿಗೆ ಮತ್ಸ್ಯಗಂಧ ಇದೆಯಲ್ಲ ಅನ್ನಬಹುದು. ಇದೆ. ಕೊಂಕಣ ರೈಲ್ವೆಯ ಜೊತೆ 1998ರಲ್ಲಿ ಶುರುವಾಗಿ, ಮಧ್ಯಾಹ್ನ ಕುರ್ಲಾದಲ್ಲಿ ಹತ್ತಿಸಿಕೊಂಡು, ಮಲಗಿಸಿ, ಬೆಳಗ್ಗೆ ಊರು ಮುಟ್ಟಿಸುವ ರೈಲು. ಅದಕ್ಕೆ ಎಲ್‌ಎಚ್‌ಬಿ ಅನ್ನೋ ಹೊಸ ಮಾದರಿಯ ಬೋಗಿ ಸಿಕ್ಕಿದ್ದು 2025ರಲ್ಲಿ. ಟಿಕೆಟ್ ಸಿಗಬೇಕಲ್ಲ? ಮೊದಲು 120 ದಿನ ಮುಂಚೆ ಬುಕ್ ಮಾಡಬಹುದಿತ್ತು, 2024ರ ನವೆಂಬರ್‌ನಿಂದ 60 ದಿನ. ಅಂದರೆ ವೇಟಿಂಗ್ ಲಿಸ್ಟಿನ ಕಷ್ಟ ಅರ್ಧ ಕಡಿಮೆಯಾಗಿದೆ: ನಾಲ್ಕು ತಿಂಗಳು ಪಡುತ್ತಿದ್ದ ಆತಂಕ ಈಗ ಎರಡೇ ತಿಂಗಳು. ಚಾರ್ಟ್ ಆದ ಮೇಲೂ ಸೀಟು ಆಗದಿದ್ದರೆ ಆನ್‌ಲೈನ್ ಟಿಕೆಟ್ ತಾನೇ ರದ್ದಾಗಿ ದುಡ್ಡು ವಾಪಸ್ ಬರುತ್ತದೆ, ಕ್ಲರ್ಕೇಜ್ ಅನ್ನೋ ಶುಲ್ಕ ಮುರಿದುಕೊಂಡು. ಸೀಟು ಕೊಡದವರು ಅವರು, ಚಾರ್ಜು ಕಟ್ಟುವವರು ನಾವು. ಭೇಷ್.

ಇಲ್ಲಿವರೆಗೆ ನಗಬಹುದು. ಹಿರಿಯರ ರಿಯಾಯಿತಿಯ ವಿಷಯಕ್ಕೆ ಬಂದರೆ ನನಗೆ ನಗು ಬರುವುದಿಲ್ಲ. ಗಂಡಸರಿಗೆ ನೂರಕ್ಕೆ ನಲವತ್ತು, ಹೆಂಗಸರಿಗೆ ಐವತ್ತು ಇತ್ತು. 2020ರ ಮಾರ್ಚ್‌ನಲ್ಲಿ ಕೊರೋನಾ ಅಂತ ತೆಗೆದರು. ಕೊರೋನಾ ಹೋಯಿತು, ಮಾಸ್ಕ್ ಹೋಯಿತು, ರಿಯಾಯಿತಿ ಮಾತ್ರ ಬರಲಿಲ್ಲ. ನಲವತ್ತು ವರ್ಷ ಹೋಟೆಲಿನಲ್ಲಿ ಲೋಟ ತೊಳೆದ, ದೋಸೆ ಹುಯ್ದ ಮುದುಕರು ಇವರು. ಊರಿಗೆ ಹೋಗುವುದು ವರ್ಷಕ್ಕೊಂದು ಸಲ, ಕೋಲಕ್ಕೋ ಮದುವೆಗೋ. ಅವರ ಹತ್ತಿರ ಪೂರ್ತಿ ದುಡ್ಡು ಕಿತ್ತುಕೊಂಡು ನೀವು ಯಾವ ದೇಶ ಕಟ್ಟುತ್ತೀರಿ, ಸ್ವಾಮಿ?