ಆಟಮ್ ಹೋಯಿತು, ವಿಮ್ ಉಳಿಯಿತು

"ಯಾವ ಎಡಿಟರ್ ಒಳ್ಳೇದು ಸರ್?" ಹೊಸದಾಗಿ ಕೆಲಸಕ್ಕೆ ಸೇರಿದವರು ಕೇಳುತ್ತಲೇ ಇರುತ್ತಾರೆ. ಎಡಿಟರ್ ಅಂದರೆ ಕೋಡ್, ಬರಹ ಟೈಪ್ ಮಾಡುವ ಸಾಫ್ಟ್‌ವೇರ್. ಮೊದಲೆಲ್ಲ ವೇಗ, ಥೀಮ್, ಪ್ಲಗಿನ್ ಅಂತ ಉದ್ದುದ್ದ ಹೇಳುತ್ತಿದ್ದೆ. ಈಗ ಒಂದೇ ಮಾತು ಕೇಳುತ್ತೇನೆ. ಮಾಡಿದವರು ನಾಳೆ ಕೈಬಿಟ್ಟರೆ ಅದರ ಗತಿ ಏನು?

ಆಟಮ್ ನೆನಪಿದೆಯಾ? 2014ರಲ್ಲಿ ಗಿಟ್‌ಹಬ್ ಅನ್ನುವ, ಕೋಡ್ ಇಟ್ಟುಕೊಳ್ಳುವ ತಾಣದವರು ತಂದ ಎಡಿಟರ್. ವಾರಗಟ್ಟಲೆ ಕೂತು ನನಗೆ ಬೇಕಾದ ಹಾಗೆ ಒಪ್ಪ ಮಾಡಿಕೊಂಡಿದ್ದೆ. 2018ರಲ್ಲಿ ಮೈಕ್ರೋಸಾಫ್ಟ್ ಗಿಟ್‌ಹಬ್ಬನ್ನೇ ಕೊಂಡಿತು. ಅವರ ಹತ್ತಿರ ಆಗಲೇ ವಿಎಸ್ ಕೋಡ್ ಅನ್ನುವ ಸ್ವಂತ ಎಡಿಟರ್ ಇತ್ತು. ಒಂದೇ ಮನೆಯಲ್ಲಿ ಎರಡು ಒಲೆ ಯಾಕೆ ಅಂದುಕೊಂಡಿರಬೇಕು, ಇದು ನನ್ನ ಊಹೆ ಅಷ್ಟೆ. 2022ರ ಡಿಸೆಂಬರ್ 15ಕ್ಕೆ ಆಟಮ್ ಬಂದ್. ತಮಾಷೆ ಅಂದರೆ, ವಿಎಸ್ ಕೋಡ್ ನಿಂತಿರುವ ಎಲೆಕ್ಟ್ರಾನ್ ಅನ್ನುವ ತಳಪಾಯ ಹುಟ್ಟಿದ್ದೇ ಆಟಮ್‌ಗಾಗಿ. ಕೆಲವರು ಅದೇ ಕೋಡನ್ನು ಪಲ್ಸಾರ್ ಹೆಸರಲ್ಲಿ ಮುಂದುವರಿಸಿದ್ದಾರೆ. ನಾನಂತೂ ಅಷ್ಟರಲ್ಲಿ ಬೇರೆ ಕಡೆ ಹೋಗಿಬಿಟ್ಟಿದ್ದೆ.

ವಿಎಸ್ ಕೋಡ್ ಓಪನ್ ಸೋರ್ಸ್, ಅಂದರೆ ಕೋಡ್ ಎಲ್ಲರಿಗೂ ತೆರೆದದ್ದು, ಅಲ್ವಾ ಅಂತೀರಾ? ಅರ್ಧ ನಿಜ. ಮೂಲ ಕೋಡ್ ಯಾರು ಬೇಕಾದರೂ ಬಳಸಬಹುದಾದ ಎಂಐಟಿ ಲೈಸೆನ್ಸಿನಲ್ಲಿದೆ. ಆದರೆ ನಾವು ಡೌನ್‌ಲೋಡ್ ಮಾಡಿಕೊಳ್ಳುವ ವಿಎಸ್ ಕೋಡ್‌ಗೆ ಮೈಕ್ರೋಸಾಫ್ಟಿನ ಬೇರೆಯದೇ ಲೈಸೆನ್ಸ್, ಜೊತೆಗೆ ಟೆಲಿಮೆಟ್ರಿ, ಅಂದರೆ ನಮ್ಮ ಬಳಕೆಯ ಮಾಹಿತಿ ಅವರಿಗೆ ಹೋಗುವ ಏರ್ಪಾಡು. ಅದು ಬೇಡದವರಿಗೆ ಅದೇ ಕೋಡಿನಿಂದ ಕಟ್ಟಿದ ವಿಎಸ್‌ಕೋಡಿಯಂ ಇದೆ. ಹಾಕಿಕೊಂಡು ನೋಡಿ, ಮುಖ ಒಂದೇ. ಪೈಥಾನ್ ಭಾಷೆಯ ಕೋಡ್ ಬರೆಯಲು ಹೊರಟಾಗ ವ್ಯತ್ಯಾಸ ಗೊತ್ತಾಗುತ್ತದೆ. ಪೈಥಾನ್ ಬರೆಯಲು ನೆರವಾಗುವ ಪೈಲ್ಯಾನ್ಸ್ ಎಕ್ಸ್‌ಟೆನ್ಶನ್ ಮುಚ್ಚಿದ ಕೋಡ್, ಮೈಕ್ರೋಸಾಫ್ಟಿನ ಸ್ವಂತ ಸರಕುಗಳಲ್ಲಿ ಮಾತ್ರ ಬಳಸಬೇಕು ಅಂತ ಷರತ್ತು. ಮನೆ ಎಲ್ಲರದ್ದು, ಅಡುಗೆಮನೆ ಬೀಗ ಮಾತ್ರ ಅವರದ್ದು!

ವಿಮ್ ಅನ್ನುವ ಹಳೇ ಎಡಿಟರ್ ಕಥೆಯೇ ಬೇರೆ. 1991ರಿಂದ ಅದನ್ನು ಸಾಕಿದ್ದು ಬ್ರಾಮ್ ಮೂಲೆನಾರ್. ಸುಮ್ನೆ ವಿಮ್ ತೆರೆದರೆ ಉಗಾಂಡಾದ ಬಡಮಕ್ಕಳಿಗೆ ನೆರವಾಗಿ ಅನ್ನುವ ಸಾಲು ಕಾಣುತ್ತದಲ್ಲ, ಅದು ಅವರ ಮನಸ್ಸು. ಅವರ ಹಿಡಿತ ಜಾಸ್ತಿಯಾಯಿತು ಅನ್ನಿಸಿದವರು 2014ರಲ್ಲಿ ನಿಯೋವಿಮ್ ಅಂತ ಬೇರೆಯಾದರು. 2023ರ ಆಗಸ್ಟಿನಲ್ಲಿ ಬ್ರಾಮ್ ತೀರಿಕೊಂಡರು. ಕಂಪನಿ ಇಲ್ಲ, ದುಡ್ಡಿನ ಚೀಲವಿಲ್ಲ. ಆದರೂ ಮುಂದಿನ ಜನವರಿಗೆ ವಿಮ್‌ನ 9.1 ಆವೃತ್ತಿ ಬಂತು, ಅವರ ನೆನಪಿಗೆ ಅರ್ಪಿಸಿ.

ಹಾಗಂತ ಎಲ್ಲದಕ್ಕೂ ವಿಮ್ ಅನ್ನುವುದಿಲ್ಲ. ವಿಮ್ ಸಾಮಾನ್ಯವಾಗಿ ಓಡುವುದು ಟರ್ಮಿನಲ್ಲಿನಲ್ಲಿ, ಅಂದರೆ ಬರೀ ಅಕ್ಷರಗಳ ಕಿಟಕಿಯಲ್ಲಿ. ಅಲ್ಲಿ ಅಕ್ಷರಗಳನ್ನು ಚೌಕ ಚೌಕವಾಗಿ ಅಳೆದು ಕೂರಿಸುತ್ತಾರೆ. ನಮ್ಮ 'ಸ್ತ್ರೀ', 'ರಾಷ್ಟ್ರ' ಆ ಚೌಕಕ್ಕೆ ಎಲ್ಲಿ ಬಗ್ಗುತ್ತವೆ? ಒತ್ತಕ್ಷರ ಒಂದು ಕಡೆ, ಕರ್ಸರ್ ಇನ್ನೊಂದು ಕಡೆ. ಕನ್ನಡಕ್ಕೆ ನಾನು ಇಮ್ಯಾಕ್ಸ್ ಅನ್ನುವ ಇನ್ನೊಂದು ಎಡಿಟರ್ ತೆರೆಯುತ್ತೇನೆ. 2020ರ 27ನೇ ಆವೃತ್ತಿಯಿಂದ ಅದಕ್ಕೆ ಅಕ್ಷರಗಳನ್ನು ಸರಿಯಾಗಿ ಜೋಡಿಸುವ ಹಾರ್ಫ್‌ಬಜ್ ಸಾಫ್ಟ್‌ವೇರಿನ ಬೆಂಬಲ ಬಂದಿದೆ, ಒತ್ತುಗಳು ತಮ್ಮ ಜಾಗದಲ್ಲೇ ಕೂರುತ್ತವೆ. ಈ ಪೋಸ್ಟನ್ನೂ ಅದರಲ್ಲೇ ಬರೆದದ್ದು. ಹೊರಗೆ ಬರುವ ಕೀಲಿ ಯಾವುದು ಅಂತ ಈಗಲೂ ಒಮ್ಮೊಮ್ಮೆ ಮರೆಯುತ್ತದೆ, ಅದು ಬೇರೆ ಮಾತು.