ಭೀಮಸೇನ ಜೋಶಿ ಹುಟ್ಟಿದ್ದು ಆಗಸ್ಟ್ 4ರಂದು ಅಲ್ಲ

ಪುಣೆಯ ಕನ್ನಡಿಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಫಾರ್ವರ್ಡ್ ಸುತ್ತುತ್ತಿದೆ. ಕಿಶೋರ್ ಕುಮಾರ್, ಜಾಝ್ ದಿಗ್ಗಜ ಲೂಯಿ ಆರ್ಮ್‌ಸ್ಟ್ರಾಂಗ್, ನಮ್ಮ ಪಂಡಿತ್ ಭೀಮಸೇನ ಜೋಶಿ, ಮೂವರೂ ಹುಟ್ಟಿದ್ದು ಆಗಸ್ಟ್ 4ರಂದು ಅಂತ. ಮೊದಲಿನ ಇಬ್ಬರದ್ದು ಸರಿ. ಮೂರನೆಯದು ತಪ್ಪು.

ಜೋಶಿಯವರು ಹುಟ್ಟಿದ್ದು 1922ರ ಫೆಬ್ರವರಿ 4ರಂದು. ತಾರೀಖು ಸರಿ, ತಿಂಗಳು ಎಡವಟ್ಟು. ಗದಗ ಸೀಮೆಯವರಾದರೂ ನೆಲೆಸಿದ್ದು ಪುಣೆಯಲ್ಲಿ. ಗುರು ಸವಾಯಿ ಗಂಧರ್ವರ ನೆನಪಿನ ಸಂಗೀತೋತ್ಸವ 1953ರಲ್ಲಿ ಶುರುವಾಗಿದ್ದೂ ಇಲ್ಲೇ. ಇಂಥವರ ಹುಟ್ಟುಹಬ್ಬ ಪುಣೆಯವರೇ ತಪ್ಪು ಹೇಳಿದರೆ ಹೇಗೆ?

ಕಿಶೋರ್ ಹುಟ್ಟಿದ್ದು 1929ರಲ್ಲಿ, ಖಂಡ್ವಾದಲ್ಲಿ. ತಕರಾರಿಲ್ಲ.

ಆರ್ಮ್‌ಸ್ಟ್ರಾಂಗ್ ಕಥೆ ಮಾತ್ರ ಮಜವಾಗಿದೆ. ತಾನು ಹುಟ್ಟಿದ್ದು 1900ರ ಜುಲೈ 4, ಅಂದರೆ ಅಮೆರಿಕದ ಸ್ವಾತಂತ್ರ್ಯ ದಿನ ಎಂದೇ ಅವರು ಹೇಳುತ್ತಿದ್ದರು. 1971ರಲ್ಲಿ ತೀರಿಕೊಂಡರು. ಎಷ್ಟೋ ವರ್ಷಗಳ ಮೇಲೆ ನ್ಯೂ ಆರ್ಲಿಯನ್ಸ್‌ನ ಚರ್ಚಿನ ಹಳೇ ದಾಖಲೆ ಸಿಕ್ಕಿತು. ಅದರಲ್ಲಿದ್ದದ್ದು 1901ರ ಆಗಸ್ಟ್ 4. ಹಾಗಾಗಿ ಹಳೆಯ ಪುಸ್ತಕ ನೋಡಿ ಅವರ ಹೆಸರನ್ನೂ ಸುಮ್ನೆ ಹೊಡೆದುಹಾಕಬೇಡಿ.

ಜೋಶಿಯವರಿಗೆ ಜೊತೆ ಬೇಕೇ ಬೇಕು ಅಂದರೆ, ಫೆಬ್ರವರಿ 4ಕ್ಕೆ ಹುಟ್ಟಿದ ರಾಕ್ ಗಾಯಕ ಆಲಿಸ್ ಕೂಪರ್ ಇದ್ದಾರೆ. ಇಸವಿ 1948.