ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಮತ್ತು ನಮ್ಮ ಅಡುಗೆಮನೆಯ ಹಲಗೆ

ಅಂಗಡಿಯ ಕೋಳಿಯಲ್ಲಿ, ಹಂದಿಮಾಂಸದಲ್ಲಿ ಆ್ಯಂಟಿಬಯೋಟಿಕ್‌ಗೆ ಬಗ್ಗದ ಬ್ಯಾಕ್ಟೀರಿಯಾ ಇರುತ್ತದೆ ಎಂದಾಗಲೆಲ್ಲ ಕೊಡಗಿನಲ್ಲಿ ಕೇಳಿಬರುವ ಉತ್ತರ ಒಂದೇ: "ನಾವು ಚೆನ್ನಾಗಿ ಬೇಯಿಸಿ ತಿನ್ನುವವರು, ನಮಗೇನಾಗುತ್ತೆ?" ಈ ಮಾತು ಅರ್ಧ ಸರಿ. ಔಷಧಕ್ಕೆ ಬಗ್ಗದ ಇ. ಕೋಲಿ ಆಗಲಿ ಸಾಲ್ಮೊನೆಲ್ಲಾ ಆಗಲಿ, ಬೆಂಕಿಗೆ ಬಗ್ಗಿಯೇ ಬಗ್ಗುತ್ತದೆ. ಮಾಮೂಲಿ ಬ್ಯಾಕ್ಟೀರಿಯಾ ಸಾಯುವ ಶಾಖಕ್ಕೇ ಇದೂ ಸಾಯುತ್ತದೆ. ಕೋಳಿ ತುಂಡಿನ ಒಳಭಾಗ 74 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಸಾಕು. ಮಡಿಕೇರಿ ಸಾವಿರ ಮೀಟರಿಗಿಂತ ಎತ್ತರದಲ್ಲಿರುವುದರಿಂದ ಅಲ್ಲಿ ನೀರು ಕುದಿಯುವುದು ಸುಮಾರು 96 ಡಿಗ್ರಿಗೆ. ಆದರೂ ನಿಧಾನವಾಗಿ ಕುದಿದು ಮೆತ್ತಗಾದ ಪಂದಿ ಕರಿಯಲ್ಲಿ ಇವು ಯಾವುವೂ ಉಳಿಯುವುದಿಲ್ಲ. ನನ್ನ ತಕರಾರು ಪಾತ್ರೆ ಒಲೆಗೇರುವ ಮುಂಚಿನ ಅರ್ಧ ಗಂಟೆಯ ಬಗ್ಗೆ.

ಆ ಅರ್ಧ ಗಂಟೆ ನೋಡಿ. ಮಾಂಸದ ಚೀಲವನ್ನು ಸಿಂಕಿನಲ್ಲಿ ಬಿಚ್ಚಿ, ನಲ್ಲಿ ಪೂರ್ತಿ ತಿರುಗಿಸಿ ತೊಳೆಯುತ್ತೇವೆ. ಚಿಮ್ಮಿದ ಹನಿ ಪಕ್ಕದಲ್ಲಿ ತೊಳೆದಿಟ್ಟ ತಟ್ಟೆಗಳ ಮೇಲೆ, ಕೊತ್ತಂಬರಿ ಸೊಪ್ಪಿನ ಮೇಲೆ ಕೂರುತ್ತದೆ. ತುಂಡು ಮಾಡಿದ ಒದ್ದೆ ಕೈಯಲ್ಲೇ ನಲ್ಲಿ ನಿಲ್ಲಿಸಿ, ಅರಿಸಿನ ಡಬ್ಬಿಯ ಮುಚ್ಚಳ ತೆಗೆದು, ಫ್ರಿಜ್ಜಿನ ಬಾಗಿಲು ಎಳೆಯುತ್ತೇವೆ. ಹಲಗೆಗೆ ಒಂದು ಚೊಂಬು ನೀರು ಹಾಕಿ ಒರೆಸಿ, ಅದರ ಮೇಲೇ ಈರುಳ್ಳಿ, ಸೌತೆಕಾಯಿ ಹೆಚ್ಚುತ್ತೇವೆ. ಕೋಳಿ ಬೇಯುತ್ತದೆ, ಸೌತೆಕಾಯಿ ಬೇಯುವುದಿಲ್ಲ.

ಹೀಗೆ ಹೊಟ್ಟೆ ಸೇರಿದ ಇ. ಕೋಲಿ ಅಂದೇ ಭೇದಿ ಮಾಡಿಸಬೇಕೆಂದಿಲ್ಲ. ಎಷ್ಟೋ ಸಲ ಯಾವ ಲಕ್ಷಣವೂ ಇಲ್ಲದೆ ಕರುಳಿನಲ್ಲಿ ಬೀಡುಬಿಡುತ್ತದೆ. ಔಷಧವನ್ನು ಸೋಲಿಸುವ ಜೀನ್ ಹೆಚ್ಚಾಗಿ ಪ್ಲಾಸ್ಮಿಡ್ ಎಂಬ ಸಣ್ಣ ಡಿಎನ್‌ಎ ಉಂಗುರದ ಮೇಲಿರುತ್ತದೆ, ಆ ಉಂಗುರ ಒಂದು ಬ್ಯಾಕ್ಟೀರಿಯಾದಿಂದ ಪಕ್ಕದ ಬೇರೆ ಜಾತಿಯ ಬ್ಯಾಕ್ಟೀರಿಯಾಕ್ಕೂ ದಾಟುತ್ತದೆ. ತಿಂಗಳುಗಳ ನಂತರ ಮೂತ್ರದ ಸೋಂಕು ಬಂದಾಗ ಮೊದಲು ಬರೆದುಕೊಟ್ಟ ಮಾತ್ರೆ ನಾಟದೇ ಹೋಗಬಹುದು. ಅದಕ್ಕೂ ಅಂದಿನ ಸೌತೆಕಾಯಿಗೂ ನಂಟಿರಬಹುದೆಂದು ಯಾರಿಗೂ ಹೊಳೆಯುವುದಿಲ್ಲ. 2015ರಲ್ಲಿ ಚೀನಾದ ಸಂಶೋಧಕರು ಹಂದಿಗಳಲ್ಲಿ, ಮಾರಾಟದ ಮಾಂಸದಲ್ಲಿ ಎಂಸಿಆರ್-1 ಎಂಬ ಜೀನ್ ಕಂಡಾಗ ವೈದ್ಯಲೋಕ ಗಾಬರಿಯಾಗಿದ್ದು ಇದಕ್ಕೇ. ಅದು ಸೋಲಿಸುವುದು ಐಸಿಯುನಲ್ಲಿ ಕೊನೆಯ ಅಸ್ತ್ರವಾಗಿ ಬಳಸುವ ಕೊಲಿಸ್ಟಿನ್ ಎಂಬ ಆ್ಯಂಟಿಬಯೋಟಿಕ್ ಅನ್ನು. 2019ರ ಜುಲೈನಲ್ಲಿ ನಮ್ಮ ಕೇಂದ್ರ ಸರ್ಕಾರವೂ ಆಹಾರಕ್ಕಾಗಿ ಸಾಕುವ ಪ್ರಾಣಿಗಳಿಗೆ, ಕೋಳಿಗೆ, ಮೀನಿಗೆ ಕೊಲಿಸ್ಟಿನ್ ಮಾರುವುದನ್ನು ನಿಷೇಧಿಸಿತು. ಒಳ್ಳೆಯ ನಿರ್ಧಾರ.

ಇಲ್ಲಿ ಒಂದು ಗೊಂದಲ ಬಿಡಿಸಲೇಬೇಕು. ಮಾಂಸದಲ್ಲಿ ಉಳಿದ ಔಷಧದ ಅಂಶ ಬೇರೆ, ಔಷಧಕ್ಕೆ ಬಗ್ಗದ ಬ್ಯಾಕ್ಟೀರಿಯಾ ಬೇರೆ. ಮದ್ದು ಕೊಟ್ಟ ಮೇಲೆ ಲೇಬಲ್ಲಿನಲ್ಲಿ ಬರೆದಷ್ಟು ದಿನ ಕಾದು ಕಡಿದರೆ ಔಷಧದ ಅಂಶ ಮಿತಿಯೊಳಗೆ ಬರುತ್ತದೆ. ಅಷ್ಟರಲ್ಲಿ ಪ್ರಾಣಿಯ ಕರುಳಿನಲ್ಲಿ ಮದ್ದಿಗೆ ಬದುಕುಳಿದ ಬ್ಯಾಕ್ಟೀರಿಯಾ ಮಾತ್ರ ಅಲ್ಲೇ ಇರಬಹುದು. ಔಷಧದ ಅಂಶ ಬೇಯಿಸಿದರೆ ಪೂರ್ತಿ ಹೋಗುತ್ತದೆಂದು ನಂಬುವಂತಿಲ್ಲ, ಬ್ಯಾಕ್ಟೀರಿಯಾ ಹೋಗುತ್ತದೆ. "ಆ್ಯಂಟಿಬಯೋಟಿಕ್ ಅಂಶವಿಲ್ಲ" ಎಂಬ ವರದಿ ತೋರಿಸಿದ ಮಾಂಸಕ್ಕೂ ಹಲಗೆ ಬೇರೆಯೇ ಬೇಕು.

ಅಂಗಡಿಗಳ ಮಟ್ಟಿಗೆ ನಾನು ನೋಡುವುದು ಎರಡೇ: ಪುಕ್ಕ ಕೀಳುವ ಡ್ರಮ್ ಮತ್ತು ಮಾಂಸ ಕಡಿಯುವ ಮರದ ಕೊರಡು. ಡ್ರಮ್ಮಿನೊಳಗಿನ ರಬ್ಬರ್ ಬೆರಳುಗಳು ಒಂದು ಕೋಳಿಯ ಹಿಕ್ಕೆಯನ್ನು ಮುಂದಿನ ಹತ್ತು ಕೋಳಿಗೆ ಹಚ್ಚುತ್ತವೆ. ಕೊರಡಿನ ಬಿರುಕಿನಲ್ಲಿ ಕುಳಿತ ಕೊಬ್ಬನ್ನು ನೀರು ತೆಗೆಯುವುದಿಲ್ಲ. ದಿನದ ಕೊನೆಗೆ ಕತ್ತಿಯಿಂದ ಕೆರೆದು, ಬಿಸಿನೀರು ಸೋಪಿನಲ್ಲಿ ಉಜ್ಜಿ, ಆಮೇಲೆ ಕ್ಲೋರಿನ್ ನೀರು ಹಾಕಿ ಒಣಗಲು ಬಿಡಬೇಕು. ಈ ಕ್ರಮ ತಪ್ಪಬಾರದು. ರಕ್ತ, ಕೊಬ್ಬು ಇರುವಲ್ಲಿ ಕ್ಲೋರಿನ್ ಅವುಗಳ ಜತೆಗೇ ಖರ್ಚಾಗಿ, ಬ್ಯಾಕ್ಟೀರಿಯಾಕ್ಕೆ ಏನೂ ಉಳಿಯುವುದಿಲ್ಲ. ಬ್ಲೀಚಿಂಗ್ ಪೌಡರ್ ಚೆಲ್ಲಿದರೂ ವಾಸನೆ ಹೋಗದ ಅಂಗಡಿಗಳಲ್ಲಿ ಆಗುತ್ತಿರುವುದು ಇದೇ.

ಮನೆಗೂ ಅದೇ ಲೆಕ್ಕ. ಸೋಡಿಯಂ ಹೈಪೋಕ್ಲೋರೈಟ್ 5 ಶೇಕಡಾ ಇರುವ ಬ್ಲೀಚ್ ಆದರೆ ಒಂದು ಲೀಟರ್ ನೀರಿಗೆ 4 ಮಿಲಿ, ಅಂದರೆ ಒಂದು ಟೀ ಚಮಚಕ್ಕಿಂತ ಸ್ವಲ್ಪ ಕಡಿಮೆ. ಸೋಪಿನಲ್ಲಿ ತೊಳೆದ ಹಲಗೆ, ಕತ್ತಿ, ಸಿಂಕಿಗೆ ಇದನ್ನು ಹಚ್ಚಿ ಎರಡು ನಿಮಿಷ ಬಿಡಿ. ವಿನೆಗರ್ ಜತೆ ಬೆರೆಸಲೇಬೇಡಿ, ವಿಷಗಾಳಿ ಏಳುತ್ತದೆ. ಮಾಂಸ ತೊಳೆಯದೆ ಮನಸ್ಸು ಒಪ್ಪದಿದ್ದರೆ ಪಾತ್ರೆಯಲ್ಲಿ ನೀರು ತುಂಬಿಸಿ ಅದರಲ್ಲಿ ಮೆಲ್ಲಗೆ ಅದ್ದಿ ತೆಗೆಯಿರಿ, ಹರಿಯುವ ನಲ್ಲಿಗೆ ಹಿಡಿಯಬೇಡಿ. ಅರಿಸಿನ, ನಿಂಬೆ, ಕೊಡಗಿನ ಹುಳಿಯಾದ ಕಾಚಂಪುಳಿ ಹಚ್ಚಿದರೆ ಮೇಲ್ಮೈಯಲ್ಲಿ ಬ್ಯಾಕ್ಟೀರಿಯಾ ಒಂದಿಷ್ಟು ಕಡಿಮೆಯಾದೀತು, ಶುದ್ಧವಾಯಿತೆಂದು ತಿಳಿಯಬಾರದು. ನಮ್ಮ ಚಳಿಯನ್ನು ನಂಬಿ ಮಸಾಲೆ ಹಚ್ಚಿದ ಮಾಂಸವನ್ನು ರಾತ್ರಿಯಿಡೀ ಹೊರಗಿಡುವುದೂ ತಪ್ಪು. 5 ಡಿಗ್ರಿ ದಾಟಿದರೆ ಇವು ಬೆಳೆಯುವ ದಾರಿ ಹುಡುಕುತ್ತವೆ, ಡಿಸೆಂಬರಿನ ಮಡಿಕೇರಿಯ ರಾತ್ರಿಯೂ ಫ್ರಿಜ್ಜಿನಷ್ಟು ತಣ್ಣಗಿರುವುದಿಲ್ಲ. ಇನ್ನು ಫ್ರೀಜರ್ ಬ್ಯಾಕ್ಟೀರಿಯಾವನ್ನು ನಿಲ್ಲಿಸುತ್ತದೆ, ಕೊಲ್ಲುವುದಿಲ್ಲ.

ಹೋಂಸ್ಟೇ ನಡೆಸುವವರಿಗೆ ವಿಶೇಷವಾಗಿ ಹೇಳಬೇಕು. ಕ್ಯಾಂಪ್‌ಫೈರ್ ಪಕ್ಕದ ಬಾರ್ಬೆಕ್ಯೂನಲ್ಲಿ ಹೊರಗೆ ಕಪ್ಪಾದ ಲೆಗ್ ಪೀಸಿನ ಮೂಳೆಯ ಬಳಿ 60 ಡಿಗ್ರಿಯೂ ಆಗಿರದಿರಬಹುದು, ಆ ಅರೆಬೆಳಕಿನಲ್ಲಿ ಕಣ್ಣಿಗೆ ತಿಳಿಯುವುದಿಲ್ಲ. ಚುಚ್ಚಿ ನೋಡುವ ಥರ್ಮಾಮೀಟರ್ ಒಂದಿರಲಿ. ಐಸ್ ಕರಗುತ್ತಿರುವ ನೀರಿನಲ್ಲಿ ಅದು ಸೊನ್ನೆ ತೋರಿಸುತ್ತದೋ ಪರೀಕ್ಷಿಸಿ, ನಂತರ ತುಂಡಿನ ದಪ್ಪ ಭಾಗಕ್ಕೆ ಮೂಳೆ ತಾಗದಂತೆ ಚುಚ್ಚಿ. ಹಸಿ ಮಾಂಸ ತಂದ ತಟ್ಟೆ, ಇಕ್ಕಳ ಒಳಗೆ ಹೋಗಲಿ, ಬೆಂದದ್ದಕ್ಕೆ ಬೇರೆಯೇ ಬರಲಿ. ಹಸಿ ಮಾಂಸ ನೆನೆದಿದ್ದ ಮಸಾಲೆಯನ್ನು ಕೊನೆಯಲ್ಲಿ ಸವರುವ ಅಭ್ಯಾಸ ಬಿಡಲೇಬೇಕು.

ಹಂದಿ ಸಾಕುವವರ ಮೇಲೂ ಹೊಣೆ ಇದೆ. ಮರಿಗಳಿಗೆ ಭೇದಿ ಶುರುವಾದ ತಕ್ಷಣ ಮೆಡಿಕಲ್‌ನಿಂದ ತಂದ ಮಾತ್ರೆಯನ್ನು ಅಂದಾಜಿನಲ್ಲಿ ಮೇವಿಗೆ ಬೆರೆಸಿ, ಎರಡು ದಿನಕ್ಕೆ ನಿಲ್ಲಿಸಿದರೆ ಬಲಿಷ್ಠ ಬ್ಯಾಕ್ಟೀರಿಯಾವನ್ನು ನಾವೇ ಆರಿಸಿ ಸಾಕಿದಂತೆ. ಹುಟ್ಟಿದ ಆರು ಗಂಟೆಯೊಳಗೆ ಗಿಣ್ಣುಹಾಲು, ಸಿಮೆಂಟ್ ನೆಲದ ಮರಿಗೆ ಮೂರನೇ ದಿನದ ಹೊತ್ತಿಗೆ 200 ಮಿಲಿಗ್ರಾಂ ಕಬ್ಬಿಣದ ಇಂಜೆಕ್ಷನ್, ಮಳೆಗಾಲದಲ್ಲೂ ಒಣಗಿದ ಹಾಸು: ಇಷ್ಟು ನೋಡಿಕೊಂಡರೆ ಎಷ್ಟೋ ಮರಿಗಳಿಗೆ ಮದ್ದೇ ಬೇಡ. ಆಫ್ರಿಕನ್ ಹಂದಿ ಜ್ವರ ವೈರಸ್ಸಿನದು, ಅದಕ್ಕೆ ಆ್ಯಂಟಿಬಯೋಟಿಕ್ ಚುಚ್ಚಿ ದುಡ್ಡು ಕಳೆಯಬೇಡಿ, ಪಶುವೈದ್ಯರಿಗೆ ತಿಳಿಸಿ.

ಕಾಫಿ ತೋಟಕ್ಕೆ, ಶುಂಠಿ ಗದ್ದೆಗೆ ಲೋಡುಗಟ್ಟಲೆ ಬರುವ ಕೋಳಿ ಗೊಬ್ಬರದಲ್ಲೂ ಇದೇ ಬ್ಯಾಕ್ಟೀರಿಯಾ, ಇದೇ ಜೀನ್‌ಗಳು ಇರಬಹುದು. ಹಸಿಯಾಗಿ ಹರಡಿದರೆ ಮೊದಲ ದೊಡ್ಡ ಮಳೆಗೆ ತೋಡು ಸೇರಿ, ತೋಡಿನಿಂದ ಕಾವೇರಿಗೆ ಹೋಗುತ್ತದೆ. ರಾಶಿ ಹಾಕಿ, ಕಾಫಿ ಸಿಪ್ಪೆಯೋ ತರಗೆಲೆಯೋ ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದಷ್ಟು ತೇವ ಇಟ್ಟುಕೊಳ್ಳಿ. ರಾಶಿಯ ಒಳಗೆ 55 ಡಿಗ್ರಿಗಿಂತ ಹೆಚ್ಚು ಶಾಖ 15 ದಿನ ಇರಬೇಕು, ಆ ಅವಧಿಯಲ್ಲಿ ಕನಿಷ್ಠ ಐದು ಸಲ ಮಗುಚಬೇಕು. ಮಗುಚದಿದ್ದರೆ ಹೊರಪದರ ಬಿಸಿಯೇ ಆಗುವುದಿಲ್ಲ. ರಾಶಿಯ ಜಾಗ ತೋಡಿನಿಂದ, ಬಾವಿಯಿಂದ ದೂರವಿರಲಿ, ಮೇಲೆ ಟಾರ್ಪಾಲು ಇರಲಿ, ಮುಂಗಾರು ಹಿಡಿಯುವ ಮೊದಲೇ ಈ ಕೆಲಸ ಮುಗಿದಿರಲಿ.